ಸಂಪಾದಕೀಯ: ‘ಡ್ರೈವರ್ ಮಿಸ್ಟೇಕು’



ಕಳೆದ ವರ್ಷ ಮಳೆಗಾಲ ಹಿಡಿಯುವ ಮುಂಚೆ, ಒಂದು ಬೆಳಗಿನ ಜಾವ, ಯಡಿಯೂರು ಕೆರೆಯ ಹತ್ತಿರದ ಅಡ್ಡರಸ್ತೆಯಲ್ಲಿ ಹೊಸ ಲಾರಿಯೊಂದು ನಿಂತುಹೋಯಿತು. ಹೊಸದು ಅಂದರೆ ಹೊಸದೇ. ಸೀಟಿಗೆ ಸುತ್ತಿದ ಪ್ಲಾಸ್ಟಿಕ್ಕನ್ನೂ ಪೂರ್ತಿ ಕಿತ್ತಿರಲಿಲ್ಲ. ಕೊಂಡು ಏಳು ತಿಂಗಳು, ಓಡಿದ್ದು ಹತ್ತೊಂಬತ್ತು ಸಾವಿರ ಕಿಲೋಮೀಟರು. ಮೊದಲು ಎದುರಿನ ಬೋರ್ಡಿನಲ್ಲಿ ಕೆಂಪು ದೀಪ ಹತ್ತಿತು. ಆಮೇಲೆ ಎಂಜಿನ್ನಿನ ಹೊಟ್ಟೆಯೊಳಗೆ ಯಾರೋ ಸುತ್ತಿಗೆಯಲ್ಲಿ ಬಡಿದ ಹಾಗೆ ಟಕಟಕ ಸದ್ದು. ಆಮೇಲೆ ಸದ್ದೂ ಇಲ್ಲ, ಎಂಜಿನ್ನೂ ಇಲ್ಲ. ಹಿಂದೆ ಎಪ್ಪತ್ತು ಮೂಟೆ ಈರುಳ್ಳಿ.

ಆ ಲಾರಿ ಓಡಿಸುತ್ತಿದ್ದವರು, ಅದರ ಮಾಲೀಕರೂ ಅವರೇ, ನಮ್ಮ ಹಾಸ್ಟೆಲಿನ ಹಳೆಯ ವಿದ್ಯಾರ್ಥಿ. ಹೆಸರು ಬೇಡ, ಕೇಸು ನಡೀತಾ ಇದೆ. ನಾವೆಲ್ಲ ಅಣ್ಣ ಅಂತಲೇ ಕರೆಯೋದು. ಬಿ.ಎ. ಎರಡನೇ ವರ್ಷದಲ್ಲಿ ಅಪ್ಪ ತೀರಿಕೊಂಡಾಗ ಟ್ರಂಕು ಎತ್ತಿಕೊಂಡು ಹಾಸ್ಟೆಲು ಬಿಟ್ಟವರು. ಮೊದಲು ಕ್ಲೀನರು, ಆಮೇಲೆ ಡ್ರೈವರು. ಹನ್ನೊಂದು ವರ್ಷ ಬೇರೆಯವರ ಲಾರಿ ಓಡಿಸಿದರು. ನಮ್ಮ ಸಭೆಗಳಿಗೆ ಕುರ್ಚಿ, ಶಾಮಿಯಾನ ಬರಬೇಕಾದರೆ ಬಾಡಿಗೆ ಕೇಳದೆ ತಂದು ಇಳಿಸಿ, ಭಾಷಣ ಕೇಳದೆ ಹೋಗಿಬಿಡುತ್ತಿದ್ದವರು. ‘ನಿಮ್ ಭಾಷಣ ಮುಗಿಯೋದ್ರೊಳಗೆ ಒಂದ್ ಟ್ರಿಪ್ ಆಗ್ತದೆ ಕಣ್ರಪ್ಪ’ ಅನ್ನೋರು.

ಪರಿಶಿಷ್ಟರು ಗಾಡಿ ಕೊಳ್ಳಲಿ ಅಂತ ಸರ್ಕಾರದ ಯೋಜನೆಗಳು ಇವೆ. 1975ರಲ್ಲಿ ಹುಟ್ಟಿದ ಅಭಿವೃದ್ಧಿ ನಿಗಮಕ್ಕೆ ಈಗ ಡಾ. ಬಿ.ಆರ್. ಅಂಬೇಡ್ಕರ್ ಅವರ ಹೆಸರಿದೆ. 2018ರ ಹೊತ್ತಿಗೆ ಟ್ಯಾಕ್ಸಿಗೆ ‘ಐರಾವತ’ ಬಂತು, 2023ರಲ್ಲಿ ನಾಲ್ಕು ಲಕ್ಷದವರೆಗೆ ಸಹಾಯಧನದ ‘ಸ್ವಾವಲಂಬಿ ಸಾರಥಿ’ ಬಂತು. ಅಣ್ಣ ಅದ್ಯಾವುದಕ್ಕೂ ಅರ್ಜಿ ಹಾಕಲಿಲ್ಲ. ‘ಕಾದು ಕೂತ್ರೆ ವಯಸ್ಸಾಗ್ತದೆ’ ಅಂದರು. ಕೂಡಿಟ್ಟಿದ್ದು, ಹೆಂಡತಿಯ ಸರ, ತಂಗಿಯ ಹೆಸರಿನಲ್ಲಿದ್ದ ಠೇವಣಿ ಸೇರಿ ನಾಲ್ಕು ಲಕ್ಷ ಕೈಯಿಂದ ಕಟ್ಟಿದರು. ಉಳಿದ ಹದಿನೆಂಟು ಲಕ್ಷ ಸಾಲ. ಐದು ವರ್ಷ, ತಿಂಗಳಿಗೆ ಮೂವತ್ತೆಂಟು ಸಾವಿರ ಕಂತು. ಗಾಡಿ ತಂದ ದಿನ ಅವರ ಅವ್ವ ನಾಲ್ಕು ಚಕ್ರದಡಿ ನಿಂಬೆಹಣ್ಣಿಟ್ಟು ಕುಂಕುಮ ಹಚ್ಚಿದಳು. ನಿಂಬೆಹಣ್ಣಿನ ವಿಷಯದಲ್ಲಿ ನಮ್ಮ ಅಭಿಪ್ರಾಯ ಏನು ಅಂತ ಈ ಪತ್ರಿಕೆ ಓದುವವರಿಗೆ ಗೊತ್ತು. ಆದರೂ ಅವತ್ತು ಬಾಯಿ ಮುಚ್ಚಿಕೊಂಡು ನಿಂತಿದ್ದೆವು. ಆ ಮುದುಕಿಯ ಮುಖ ನೋಡಿದ್ದರೆ ನೀವೂ ಮುಚ್ಚಿಕೊಳ್ಳುತ್ತಿದ್ದಿರಿ.

ಲಾರಿ ಕೆಟ್ಟ ಕತೆ ಸಂಪಾದಕೀಯಕ್ಕೆ ಯಾಕೆ ಅಂತ ಒಬ್ಬಿಬ್ಬರು ಕೇಳಿದ್ದಾರೆ. ಈ ಹಾಸ್ಟೆಲಿನಲ್ಲಿ ಯಾರ ಯಾರ ಮನೆಯ ಅನ್ನ ಸ್ಟೇರಿಂಗಿನಿಂದ ಬರುತ್ತದೆ ಅಂತ ಒಂದು ಸಲ ಕೈ ಎತ್ತಿಸಿ ನೋಡಿ. ಆಟೊ, ಟೆಂಪೊ, ಟ್ರ್ಯಾಕ್ಟರು, ಲಾರಿ. ಅಪ್ಪನೋ ಅಣ್ಣನೋ ಮಾವನೋ ಯಾರೋ ಒಬ್ಬರು. ಭೂಮಿ ಇಲ್ಲದವರ ಮನೆಗೆ ಸಾಲದ ಮೇಲೆ ಬರುವ ಮೊದಲ ದೊಡ್ಡ ಆಸ್ತಿ ಈಗ ಗಾಡಿಯೇ. ಆ ಗಾಡಿ ನಿಂತರೆ ಹಾಸ್ಟೆಲಿನಿಂದ ಒಂದು ಟ್ರಂಕು ಹೊರಗೆ ಹೋಗುತ್ತದೆ. ಅಣ್ಣನ ತಂಗಿ ಆಗ ಎರಡನೇ ಪಿಯುಸಿ ಬರೆದು ಕೂತಿದ್ದಳು. ಕಾಲೇಜು ಸೇರಿಸುವ ತಿಂಗಳಲ್ಲಿ ಲಾರಿ ನಿಂತಿತು.

ಗಾಡಿಯನ್ನು ಟೋಚನ್ ಮಾಡಿ ಶೋರೂಮಿನ ವರ್ಕ್‌ಶಾಪಿಗೆ ಎಳೆದರು. ಅಣ್ಣ ಒಬ್ಬರೇ ಹೋಗಿದ್ದರು. ಬಾನೆಟ್ಟು ಎತ್ತುವ ಮುಂಚೆಯೇ ಅಲ್ಲಿನವನೊಬ್ಬ, ‘ಏನ್ ಹಾಕ್ಸಿದ್ಯಾ ಡೀಸೆಲ್ಲು? ಕಲಬೆರಕೆ ಹಾಕ್ಸಿದ್ಯಾ’ ಅಂದ. ಎರಡು ದಿನ ಬಿಟ್ಟು ಹೋದಾಗ ಇನ್ನೊಬ್ಬ, ‘ಓವರ್ ಲೋಡ್ ಹೊಡ್ದಿದ್ದೀಯ, ಅದಕ್ಕೇ ಸೀಜ್ ಆಗಿದೆ’ ಅಂದ. ವಾರ ಬಿಟ್ಟು ಮ್ಯಾನೇಜರು ಅನ್ನಿಸಿಕೊಂಡವನು, ‘ಇದು ಡ್ರೈವರ್ ಮಿಸ್ಟೇಕು, ವಾರಂಟಿಗೆ ಬರಲ್ಲ, ನಾಲ್ಕೂವರೆ ಲಕ್ಷ ಆಗ್ತದೆ, ಸೈನ್ ಹಾಕು, ಬಿಚ್ತೀವಿ’ ಅಂದ. ಒಂದೇ ಎಂಜಿನ್ನು, ಮೂರು ಕಾರಣ. ಮೂರೂ ಬಾಯಿಮಾತು. ಒಂದನ್ನೂ ಬರೆದುಕೊಡಲಿಲ್ಲ.

ಇನ್ನೊಂದು ಸಣ್ಣ ವಿಷಯ. ಅಣ್ಣನಿಗೆ ವಯಸ್ಸು ಮೂವತ್ತೈದು. ಅಲ್ಲಿ ಎಲ್ಲರೂ ಅವರನ್ನು ‘ನೀನು’ ಅಂದರು. ಆಮೇಲೆ ನಮ್ಮಲ್ಲಿ ಕನ್ನಡಕ ಹಾಕಿದ ಒಬ್ಬ ಹುಡುಗ, ಇಪ್ಪತ್ತು ವರ್ಷದವನು, ಕೈಯಲ್ಲಿ ಒಂದು ಫೈಲು ಹಿಡಿದು ಜೊತೆಗೆ ಹೋದ. ಅವನಿಗೆ ‘ಸಾರ್, ಕೂತ್ಕೊಳಿ’ ಅಂದರು. ಲಾರಿ ಯಾರದು, ಸಾಲ ಯಾರದು, ಕುರ್ಚಿ ಯಾರಿಗೆ! ಅವಮಾನ ಆಯಿತು ಅಂತ ಇದನ್ನು ಬರೆಯುತ್ತಿಲ್ಲ. ಆ ಜಾಗದಲ್ಲಿ ಮಾತಿಗಿಂತ ಫೈಲಿಗೆ ಬೆಲೆ ಜಾಸ್ತಿ ಅಂತ ನಮಗೆ ಗೊತ್ತಾಗಿದ್ದು ಅಲ್ಲಿ.

ಎಂಜಿನ್ನಿಗೆ ಆಗಿದ್ದೇನು? ಇದನ್ನು ಎಲ್ಲರೂ ಸ್ವಲ್ಪ ತಾಳ್ಮೆಯಿಂದ ಓದಬೇಕು. ಬಿ.ಎ. ಹುಡುಗರೂ ಓದಬೇಕು.

2020ರ ಏಪ್ರಿಲ್ 1ರಿಂದ ದೇಶದಲ್ಲಿ ಮಾರುವ ಹೊಸ ಗಾಡಿಗಳೆಲ್ಲ ಬಿಎಸ್-6 ಆಗಿರಬೇಕು ಅಂತ ನಿಯಮ ಬಂತು. ಹೊಗೆ ಕಮ್ಮಿ ಆಗಲಿ ಅಂತ ತಂದ ನಿಯಮ. ಒಳ್ಳೆಯದೇ, ರಸ್ತೆ ಪಕ್ಕದಲ್ಲಿ ಬದುಕುವವರು ನಾವೇ, ಆ ಹೊಗೆ ಕುಡಿಯುವವರೂ ನಾವೇ. ಹೊಗೆ ತಡೆಯಲು ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಸೋಸುವ ಒಂದು ಜರಡಿ ಇಡುತ್ತಾರೆ. ಡಿಪಿಎಫ್ ಅನ್ನುತ್ತಾರೆ. ಮಸಿ ಅದರಲ್ಲಿ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡ ಮಸಿಯನ್ನು ಸುಮಾರು 600 ಡಿಗ್ರಿ ಕಾವಿನಲ್ಲಿ ಗಾಡಿಯೇ ಆಗಾಗ ಸುಟ್ಟುಕೊಳ್ಳಬೇಕು. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವ ಗಾಡಿಗೆ ಇದು ತಂತಾನೆ ಆಗಿಹೋಗುತ್ತದೆ. ಯಶವಂತಪುರದ ಎಪಿಎಂಸಿ ಯಾರ್ಡಿನಿಂದ ಈರುಳ್ಳಿ ತುಂಬಿ, ಜಯನಗರಕ್ಕೆ ಹತ್ತು ಮೂಟೆ, ಬನಶಂಕರಿಗೆ ಎಂಟು ಮೂಟೆ ಅಂತ ನಿಂತು ನಿಂತು ಇಳಿಸಿಕೊಂಡು ಬರುವ ಗಾಡಿಗೆ ಆ ಕಾವು ಎಲ್ಲಿಂದ ಬರಬೇಕು? ಸಿಗ್ನಲ್ಲಿನಲ್ಲಿ ಅರ್ಧ ಆಯಸ್ಸು ಹೋಗುತ್ತದೆ.

ಕಾವು ಬರದಿದ್ದರೆ ಗಾಡಿಯ ಕಂಪ್ಯೂಟರು ಕಾವು ಏರಿಸಲು ಡೀಸೆಲ್ಲನ್ನು ಹೆಚ್ಚಾಗಿ ಚಿಮ್ಮಿಸುತ್ತದೆ. ಅಷ್ಟರಲ್ಲಿ ಅಂಗಡಿ ಬಂತು ಅಂತ ಎಂಜಿನ್ನು ಆಫ್ ಮಾಡಿದರೆ ಸುಡುವ ಕೆಲಸ ಅರ್ಧಕ್ಕೆ ನಿಂತಿತು. ದಿನಕ್ಕೆ ಹತ್ತು ಸಲ ಹೀಗೆ. ಕೆಲವು ಬಗೆಯ ಎಂಜಿನ್ನುಗಳಲ್ಲಿ ಉರಿಯದೆ ಉಳಿದ ಡೀಸೆಲ್ಲು ಸಿಲಿಂಡರಿನ ಗೋಡೆ ಹಿಡಿದು ಕೆಳಗಿಳಿದು ಎಂಜಿನ್ ಆಯಿಲ್ಲಿಗೆ ಸೇರುತ್ತದೆ. ಆಯಿಲ್ಲು ನೀರಾಗುತ್ತದೆ. ನೀರಾದ ಆಯಿಲ್ಲು ಬೇರಿಂಗುಗಳನ್ನು ಕಾಯುವುದಿಲ್ಲ. ಲೋಹಕ್ಕೆ ಲೋಹ ತಿಕ್ಕುತ್ತದೆ, ಕಾಯುತ್ತದೆ, ಕಚ್ಚಿಕೊಳ್ಳುತ್ತದೆ. ಸೀಜ್ ಅನ್ನುವುದು ಅದನ್ನೇ.

ಅಣ್ಣ ಹಳೇ ಕಾಲದ ಶಿಸ್ತಿನ ಡ್ರೈವರು. ದಿನಾ ಬೆಳಿಗ್ಗೆ ಕಡ್ಡಿ ಎಳೆದು ಆಯಿಲ್ಲು ನೋಡುವವರು. ಅವರು ಹೇಳಿದ ಮಾತು ನಮ್ಮ ಕಿವಿಯಲ್ಲಿ ಇನ್ನೂ ಇದೆ: ‘ಆಯಿಲ್ಲು ಒಂದಿನ ಕಮ್ಮಿ ಆಗ್ಲಿಲ್ಲ ಕಣ್ರಪ್ಪ, ಗೆರೆಗಿಂತ ಮೇಲೇ ಇತ್ತು. ಹೊಸ ಗಾಡಿ, ಎಷ್ಟ್ ಚೆನ್ನಾಗಿದೆ ಅನ್ಕೊಂಡೆ.’ ಹನ್ನೊಂದು ವರ್ಷ ಹಳೆಯ ಎಂಜಿನ್ನು ಕಲಿಸಿದ ಪಾಠ ಏನು? ಆಯಿಲ್ಲು ಕಮ್ಮಿಯಾದರೆ ಅಪಾಯ. ಹೊಸ ಎಂಜಿನ್ನಿನ ಪಾಠ ಬೇರೆ. ಆಯಿಲ್ಲು ಏರಿದರೂ ಅಪಾಯ. ಅದನ್ನು ಅವರಿಗೆ ಹೇಳಿದವರು ಯಾರು? ಯಾರೂ ಇಲ್ಲ. ಗಾಡಿ ಕೈಗೆ ಕೊಟ್ಟ ದಿನ ಹಾರ ಹಾಕಿದರು, ಕೀಲಿಕೈಯ ದೊಡ್ಡ ರಟ್ಟಿನ ಚಿತ್ರ ಕೊಟ್ಟು ಫೋಟೊ ತೆಗೆದರು, ಕೇಕು ಕತ್ತರಿಸಿದರು. ಎದುರಿನ ಬೋರ್ಡಿನ ದೀಪಗಳಲ್ಲಿ ಯಾವುದು ಏನು ಹೇಳುತ್ತದೆ ಅಂತ ಐದು ನಿಮಿಷ ಕನ್ನಡದಲ್ಲಿ ಹೇಳಲಿಲ್ಲ.

ಇಲ್ಲಿ ನಮ್ಮ ಮೇಲೂ ಒಂದು ಮಾತು ಬರುತ್ತದೆ. ಲಾರಿಯ ಡ್ಯಾಶ್‌ಬೋರ್ಡಿನ ಪೆಟ್ಟಿಗೆಯಲ್ಲಿ ಒಂದು ಪುಸ್ತಕ ಇತ್ತು. ಇಂಗ್ಲಿಷ್ ಪುಸ್ತಕ. ಮಸಿ ಜರಡಿಯ ದೀಪ ಹತ್ತಿದರೆ ಏನು ಮಾಡಬೇಕು, ಗಾಡಿ ನಿಲ್ಲಿಸಿಕೊಂಡು ಯಾವ ಗುಂಡಿ ಒತ್ತಿ ಮಸಿ ಸುಡಿಸಬೇಕು, ಆಯಿಲ್ಲು ಮೇಲಿನ ಗೆರೆ ದಾಟಿದರೆ ಏನು, ಎಲ್ಲ ಅದರಲ್ಲಿ ಅಚ್ಚಾಗಿತ್ತು. ಆ ಪುಸ್ತಕದ ಪ್ಲಾಸ್ಟಿಕ್ ಕವರನ್ನೇ ಯಾರೂ ಬಿಚ್ಚಿರಲಿಲ್ಲ. ಆ ಲಾರಿಯಲ್ಲಿ ನಾವು ಎಷ್ಟು ಸಲ ಕೂತಿಲ್ಲ! ನಮ್ಮಲ್ಲಿ ಇಂಗ್ಲಿಷ್ ಎಂ.ಎ. ಮಾಡುವವರಿದ್ದಾರೆ, ಎಂಜಿನಿಯರಿಂಗ್ ಓದುವವರಿದ್ದಾರೆ. ಆ ಪೆಟ್ಟಿಗೆ ತೆಗೆದು ನಾವು ಹುಡುಕಿದ್ದು ಹಾಡಿನ ಪೆನ್‌ಡ್ರೈವನ್ನೇ ಹೊರತು ಪುಸ್ತಕವನ್ನಲ್ಲ. ಅಣ್ಣನ ದುಡ್ಡಿನಲ್ಲಿ ಟೀ ಕುಡಿದು ವಿಮೋಚನೆಯ ಮಾತಾಡಿದೆವು, ಅಣ್ಣನ ಮುಂದೆ ಇದ್ದ ಹಳದಿ ದೀಪದ ಅರ್ಥ ಓದಿ ಹೇಳಲಿಲ್ಲ. ಇದನ್ನು ಬರೆಯುವಾಗ ನಮಗೆ ನಾಚಿಕೆ ಇದೆ.

ಆದರೂ ಶೋರೂಮಿನವನು ‘ಡ್ರೈವರ್ ಮಿಸ್ಟೇಕು’ ಅಂದಿದ್ದನ್ನು ನಾವು ಒಪ್ಪುವುದಿಲ್ಲ. ಒಪ್ಪದಿರುವುದಕ್ಕೆ ಕಾರಣ ಸಿಟ್ಟಲ್ಲ, ಒಂದು ಕಾಗದ.

ಎರಡನೇ ಸರ್ವಿಸಿಗೆ ಗಾಡಿ ಬಿಟ್ಟಾಗ ಅಣ್ಣ ಅಲ್ಲಿನ ಹುಡುಗನಿಗೆ, ‘ಒಂದ್ ಹಳದಿ ಲೈಟು ಬರ್ತಾ ಇರ್ತದೆ, ನೋಡಪ್ಪ’ ಅಂತ ಹೇಳಿದ್ದರು. ಆ ಹುಡುಗ ಅದನ್ನು ಜಾಬ್ ಕಾರ್ಡಿನಲ್ಲಿ ಬರೆದುಕೊಂಡಿದ್ದ. ಇಂಗ್ಲಿಷಿನಲ್ಲಿ. ‘ಡಿಪಿಎಫ್ ಲ್ಯಾಂಪ್ ಆನ್. ಚೆಕ್ಡ್. ಓಕೆ.’ ಅದರ ಕೆಳಗೆ ‘ಆಯಿಲ್ ಲೆವೆಲ್ ಹೈ’ ಅಂತಲೂ ಇತ್ತು. ತಾನು ಸಹಿ ಹಾಕಿದ ಆ ಹಾಳೆಯಲ್ಲಿ ಏನಿದೆ ಅಂತ ಅಣ್ಣನಿಗೂ ಗೊತ್ತಿರಲಿಲ್ಲ. ಮಡಚಿ ಆರ್.ಸಿ. ಪುಸ್ತಕದ ಜೊತೆ ಇಟ್ಟಿದ್ದರು. ನಮ್ಮ ಕನ್ನಡಕದ ಹುಡುಗ ಅದನ್ನು ಬಿಡಿಸಿ ಓದಿದಾಗ ರಾತ್ರಿ ಹನ್ನೊಂದು ಗಂಟೆ. ಓದಿ ಮುಗಿಸಿ, ‘ಅಣ್ಣಾ, ಇವ್ರಿಗೆ ಗೊತ್ತಿತ್ತು’ ಅಂದ. ಡ್ರೈವರು ಹೇಳಿದ್ದಾನೆ, ವರ್ಕ್‌ಶಾಪು ನೋಡಿದೆ, ಆಯಿಲ್ಲು ಏರಿದ್ದನ್ನು ತಾನೇ ಬರೆದಿದೆ, ಓಕೆ ಅಂತ ಗಾಡಿ ಹೊರಗೆ ಕಳಿಸಿದೆ. ಹಾಗಾದರೆ ಮಿಸ್ಟೇಕು ಯಾರದು?

ಮಾರನೇ ದಿನದಿಂದ ನಾವು ಮಾಡಿದ್ದನ್ನು ಇಲ್ಲಿ ಹೇಳುತ್ತೇವೆ. ನಾಳೆ ನಿಮ್ಮ ಮನೆಯ ಗಾಡಿಗೂ ಬೇಕಾಗಬಹುದು.

ಮೊದಲು, ಎಂಜಿನ್ನು ಬಿಚ್ಚಲು ಸಹಿ ಹಾಕಲಿಲ್ಲ. ಬಿಚ್ಚಿದ ಮೇಲೆ ಏನಿತ್ತು, ಏನಿರಲಿಲ್ಲ ಅಂತ ಯಾರೂ ಹೇಳಲಾರರು. ನಮ್ಮ ಎದುರಿಗೆ ಬಿಚ್ಚಿ, ಪ್ರತಿ ಹಂತಕ್ಕೂ ಫೋಟೊ ತೆಗೆಯಲು ಬಿಡಿ, ಬಿಚ್ಚಿದ ಭಾಗಗಳನ್ನು ಎಸೆಯಬೇಡಿ ಅಂತ ಪತ್ರ ಬರೆದು ರಿಜಿಸ್ಟರ್ಡ್ ಅಂಚೆಯಲ್ಲಿ ಶೋರೂಮಿಗೂ ಗಾಡಿ ತಯಾರಿಸಿದ ಕಂಪನಿಗೂ ಕಳಿಸಿದೆವು, ಇ-ಮೇಲನ್ನೂ ಮಾಡಿದೆವು. ವಾರಂಟಿಗೆ ಬರುವುದಿಲ್ಲ ಅನ್ನುವುದಾದರೆ ಪುಸ್ತಕದ ಯಾವ ಷರತ್ತಿನ ಪ್ರಕಾರ ಬರುವುದಿಲ್ಲ ಅಂತ ಬರೆದುಕೊಡಿ ಅಂದೆವು. ಈಗಿನ ಲಾರಿಗಳ ಕಂಪ್ಯೂಟರಿನಲ್ಲಿ ಯಾವ ದೀಪ ಯಾವಾಗ ಹತ್ತಿತು, ಕಾವು ಎಷ್ಟಿತ್ತು, ಎಂಜಿನ್ನು ಎಷ್ಟು ಸುತ್ತು ಸುತ್ತಿತು ಅಂತ ದಾಖಲೆ ಉಳಿಯುತ್ತದೆ. ಅದರ ಪ್ರತಿಯನ್ನೂ ಕೇಳಿದೆವು. ಬಾಯಲ್ಲಿ ಮೂರು ಕಾರಣ ಹೇಳಿದವರು ಬರೆಯಿರಿ ಅಂದಾಗ ಹದಿನೈದು ದಿನ ಒಂದಕ್ಷರ ಬರೆಯಲಿಲ್ಲ.

ಎರಡನೆಯದನ್ನು ಕಲಾಸಿಪಾಳ್ಯದ ಒಬ್ಬ ಹಳೇ ಮೆಕ್ಯಾನಿಕ್ ಸಾಬರು ಹೇಳಿಕೊಟ್ಟರು. ‘ಆಯಿಲ್ ಬಿಡಬೇಡಿ, ಅದೇ ನಿಮ್ಮ ಸಾಕ್ಷಿ’ ಅಂದರು. ಎಂಜಿನ್ನಿನಿಂದ ಆಯಿಲ್ಲು ಇಳಿಸುವಾಗ ಎದುರಿಗೆ ನಿಂತು ಎರಡು ಶುದ್ಧ ಡಬ್ಬಿಗಳಲ್ಲಿ ಹಿಡಿದೆವು. ಮುಚ್ಚಳಕ್ಕೆ ಅರಗು ಹಾಕಿ, ಎರಡು ಕಡೆಯವರ ಸಹಿ ತೆಗೆದುಕೊಂಡು, ಒಂದು ಅವರಿಗೆ, ಒಂದು ನಮಗೆ. ಮೂಗಿಗೆ ಹಿಡಿದರೇ ಡೀಸೆಲ್ ವಾಸನೆ. ಆದರೆ ಮೂಗನ್ನು ಆಯೋಗ ನಂಬುವುದಿಲ್ಲ. ಆಯಿಲ್ಲಿನ ಜಿಡ್ಡು ಎಷ್ಟಿದೆ, ಎಷ್ಟು ಕಾವಿಗೆ ಬೆಂಕಿ ಹಿಡಿಯುತ್ತದೆ ಅಂತ ಪರೀಕ್ಷೆ ಮಾಡಿಸಿದರೆ ಡೀಸೆಲ್ಲು ಬೆರೆತಿದೆಯೋ ಇಲ್ಲವೋ ಗೊತ್ತಾಗುತ್ತದೆ. ಹಾಗೆಯೇ ಟ್ಯಾಂಕಿನ ಡೀಸೆಲ್ಲನ್ನೂ ಹಿಡಿದಿಟ್ಟೆವು. ಅಣ್ಣ ಯಾವಾಗಲೂ ಒಂದೇ ಬಂಕಿನಲ್ಲಿ ಹಾಕಿಸಿ ಬಿಲ್ಲು ಇಟ್ಟುಕೊಳ್ಳುವವರು. ಕಲಬೆರಕೆ ಅನ್ನುವ ಮಾತು ಆ ಬಿಲ್ಲುಗಳ ಮುಂದೆ ನಿಲ್ಲಲಿಲ್ಲ. ಓವರ್ ಲೋಡ್ ಅನ್ನುವುದಕ್ಕೆ ಯಾರ್ಡಿನ ತೂಕದ ಚೀಟಿಗಳು ಉತ್ತರ ಹೇಳಿದವು. ಇಲ್ಲಿ ನಿಜ ಹೇಳಬೇಕು. ಎಲ್ಲ ಗಾಡಿಯವರ ಹತ್ತಿರ ಈ ಚೀಟಿಗಳು ಹೀಗೆ ಚೊಕ್ಕವಾಗಿ ಇರುವುದಿಲ್ಲ. ಮಂಡಿಯವನು ಒಂದು ಟನ್ನು ಜಾಸ್ತಿ ಹಾಕು ಅಂದಾಗ ಇಲ್ಲ ಅನ್ನುವ ಡ್ರೈವರಿಗೆ ನಾಳೆ ಲೋಡು ಸಿಗುವುದಿಲ್ಲ. 2019ರ ಮೋಟಾರು ಕಾಯಿದೆ ತಿದ್ದುಪಡಿಯ ಪ್ರಕಾರ ಹೆಚ್ಚು ಭಾರಕ್ಕೆ ಇಪ್ಪತ್ತು ಸಾವಿರ ದಂಡ, ಮೇಲಿನ ಪ್ರತಿ ಟನ್ನಿಗೆ ಎರಡು ಸಾವಿರ. ಗಾಡಿ ಕೆಟ್ಟರೆ ವಾರಂಟಿಯೂ ಹೋಗುತ್ತದೆ. ಮಂಡಿಯವನು ಒಂದನ್ನೂ ಕಟ್ಟಿಕೊಡುವುದಿಲ್ಲ.

ಇನ್ಶೂರೆನ್ಸ್ ಇದೆಯಲ್ಲ ಅಂತ ಅಣ್ಣನ ಭಾವ ಓಡಾಡಿ ಎರಡು ವಾರ ಕಳೆದ. ಅಪಘಾತವಿಲ್ಲದೆ ಯಂತ್ರ ತಾನಾಗಿ ಕೆಟ್ಟರೆ ಸಾಮಾನ್ಯ ವಾಹನ ವಿಮೆ ಕೊಡುವುದಿಲ್ಲ. ಇದನ್ನು ತಿಳಿದುಕೊಂಡಿದ್ದರೆ ಆ ಎರಡು ವಾರ ಉಳಿಯುತ್ತಿತ್ತು.

ಇನ್ನು ಕಾನೂನಿನ ಮಾತು. ನಾವು ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ ಅಂದಾಗ ಶೋರೂಮಿನ ಮ್ಯಾನೇಜರು ನಕ್ಕ. ‘ಲಾರಿ ವ್ಯಾಪಾರಕ್ಕೆ ತಗೊಂಡಿರೋದು ಸಾರ್. ನೀವು ಗ್ರಾಹಕರೇ ಅಲ್ಲ. ಅಲ್ಲಿ ನಡಿಯಲ್ಲ.’ ಇದನ್ನು ಕೇಳಿ ಹೆದರಿ ವಾಪಸ್ಸು ಬಂದ ಡ್ರೈವರುಗಳು ಎಷ್ಟು ಜನರೋ! ಅವನು ಹೇಳಿದ್ದು ಅರ್ಧ ನಿಜ, ಅದಕ್ಕೇ ಅಪಾಯಕಾರಿ. ವ್ಯಾಪಾರದ ಉದ್ದೇಶಕ್ಕೆ ಕೊಂಡವನು ಗ್ರಾಹಕನಲ್ಲ ಅಂತ ಕಾಯಿದೆ ಹೇಳುವುದು ಹೌದು. ಆದರೆ ಅದೇ ಕಲಮಿನ ಕೆಳಗೆ ಒಂದು ವಿವರಣೆ ಇದೆ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯಲಿಕ್ಕೇ ಕೊಂಡು ತಾನೇ ಬಳಸುವುದು ವ್ಯಾಪಾರದ ಉದ್ದೇಶ ಅಲ್ಲ. 1995ರಲ್ಲಿ ಲಕ್ಷ್ಮಿ ಎಂಜಿನಿಯರಿಂಗ್ ವರ್ಕ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇದನ್ನು ಬಿಡಿಸಿ ಹೇಳಿದೆ. ತಾನೇ ಓಡಿಸಲು ಆಟೊ ಕೊಂಡವನು ಗ್ರಾಹಕ. ತಾನೇ ಬಾಡಿಗೆಗೆ ಓಡಿಸಲು ಲಾರಿ ಕೊಂಡವನೂ ಗ್ರಾಹಕ. ಸಹಾಯಕ್ಕೆ ಒಬ್ಬಿಬ್ಬರನ್ನು ಇಟ್ಟುಕೊಂಡರೂ ಅವನು ಗ್ರಾಹಕನೇ. ಕ್ಲೀನರ್ ಇದ್ದಾನೆ ಅಂತ ಮಾಲೀಕ ಬಂಡವಾಳಗಾರ ಆಗಿಬಿಡುವುದಿಲ್ಲ. 1986ರ ಕಾಯಿದೆಯ ಕಾಲದ ತೀರ್ಪು ಇದು. ಈಗಿರುವ 2019ರ ಕಾಯಿದೆಯಲ್ಲೂ, ಅಂದರೆ 2020ರ ಜುಲೈಯಿಂದ ಜಾರಿಯಲ್ಲಿರುವ ಕಾಯಿದೆಯಲ್ಲೂ, ಆ ವಿವರಣೆ ಇದೆ. ಅದಕ್ಕೆ ದೂರಿನ ಮೊದಲ ಪುಟದಲ್ಲೇ ಬರೆಯಬೇಕು: ಈ ಲಾರಿಯನ್ನು ನಾನೇ ಓಡಿಸುತ್ತೇನೆ, ನನಗೆ ಬೇರೆ ಲಾರಿ ಇಲ್ಲ, ಇದರಿಂದಲೇ ನನ್ನ ಸಂಸಾರ. ಬಿಟ್ಟರೆ ಎದುರಿನ ವಕೀಲರು ಅದೇ ತೂತಿನಲ್ಲಿ ನುಗ್ಗುತ್ತಾರೆ.

ಹೊಸ ಕಾಯಿದೆಯಲ್ಲಿ ಒಂದು ಒಳ್ಳೆಯದಿದೆ. ಕೊಂಡವನು ತಾನು ಇರುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಶೋರೂಮು ಬೆಂಗಳೂರಿನಲ್ಲಿದ್ದು ನಿಮ್ಮ ಮನೆ ಚಾಮರಾಜನಗರದಲ್ಲಿದ್ದರೆ ಚಾಮರಾಜನಗರದಲ್ಲೇ. ಕೊಟ್ಟ ಬೆಲೆ ಐವತ್ತು ಲಕ್ಷದ ಒಳಗಿದ್ದರೆ ಜಿಲ್ಲಾ ಆಯೋಗ. ಐದು ಲಕ್ಷದವರೆಗೆ ಶುಲ್ಕವೇ ಇಲ್ಲ, ಹತ್ತರಿಂದ ಇಪ್ಪತ್ತು ಲಕ್ಷಕ್ಕೆ ನಾನೂರು ರೂಪಾಯಿ, ಇಪ್ಪತ್ತರಿಂದ ಐವತ್ತಕ್ಕೆ ಸಾವಿರ. ಅಣ್ಣ ಕಟ್ಟಿದ್ದು ಸಾವಿರ ರೂಪಾಯಿ. ವಕೀಲರು ಇರಲೇಬೇಕು ಅಂತಿಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ಎದುರಿನವರು ಉತ್ತರ ಕೊಡಲು ಮೂವತ್ತು ದಿನ, ಕೇಳಿಕೊಂಡರೆ ಇನ್ನು ಹದಿನೈದು, ಅದರ ಮೇಲೆ ಒಂದು ದಿನವೂ ಇಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದೆ. ಪರೀಕ್ಷೆ ಬೇಕಾದ ಪ್ರಕರಣವನ್ನು ಐದು ತಿಂಗಳಲ್ಲಿ ಮುಗಿಸಲು ಪ್ರಯತ್ನಿಸಬೇಕು ಅಂತ ಕಾಯಿದೆ ಹೇಳುತ್ತದೆ. ಐದು ತಿಂಗಳು ಅಂತ ನಂಬಿ ಯಾರೂ ಕ್ಯಾಲೆಂಡರು ನೋಡುತ್ತಾ ಕೂರಬೇಡಿ. ಮೊದಲ ಮೆಟ್ಟಿಲಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು ಮಾಡಿ ದೂರಿನ ನಂಬರು ತೆಗೆದುಕೊಂಡರೆ ಅದೂ ಒಂದು ಕಾಗದ.

ಏನು ಕೇಳಬೇಕು? ನಮ್ಮ ಹುಡುಗರು ಮೊದಲ ರಾತ್ರಿ ಬರೆದ ದೂರಿನಲ್ಲಿ ‘ಹೊಸ ಲಾರಿ ಕೊಡಿಸಬೇಕು, ಐವತ್ತು ಲಕ್ಷ ಪರಿಹಾರ ಕೊಡಿಸಬೇಕು’ ಅಂತ ಇತ್ತು. ಕಾವು ಜಾಸ್ತಿ, ಲೆಕ್ಕ ಕಮ್ಮಿ. ವಾರಂಟಿಯಲ್ಲಿ ಕೆಟ್ಟ ಭಾಗ ಬದಲಿಸುತ್ತೇವೆ ಅಂತ ಮಾತ್ರ ಇದ್ದರೆ ಪೂರ್ತಿ ಗಾಡಿ ಬದಲಿಸಿ ಅನ್ನಲಾಗದು ಅಂತ 2006ರಲ್ಲಿ ಒಂದು ಕಾರಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿದೆ. 2010ರಲ್ಲಿ ಇನ್ನೊಂದು ಕಾರಿನದು. ಅದರ ಎಂಜಿನ್ನನ್ನು ಒಂದು ಸಲ ಬದಲಿಸಿಯೂ ಆಗಿತ್ತು, ಸದ್ದು ಮಾತ್ರ ಹೋಗಿರಲಿಲ್ಲ. ಸ್ವತಂತ್ರ ತಜ್ಞ ನೋಡಲಿ, ತಯಾರಿಕೆಯಲ್ಲೇ ದೋಷ ಇದೆ ಅಂತ ಅವನು ಹೇಳಿದರೆ ಗಾಡಿಯ ಬೆಲೆಯನ್ನು ಶೇಕಡ 12 ಬಡ್ಡಿ ಸಮೇತ ವಾಪಸ್ಸು ಕೊಡಬೇಕು ಅಂತ ಅಲ್ಲಿ ಆದೇಶ ಆಯಿತು. ಎರಡರಿಂದಲೂ ನಮಗೆ ಅರ್ಥವಾಗಿದ್ದು, ನಿರ್ಧಾರ ನಿಲ್ಲುವುದು ತಜ್ಞನ ವರದಿಯ ಮೇಲೆ. ನಮ್ಮ ಹಾಸ್ಟೆಲಿನಲ್ಲೇ ಹಿಂದೆ ಇದ್ದು ಈಗ ಪಾಲಿಟೆಕ್ನಿಕ್ಕಿನಲ್ಲಿ ಆಟೊಮೊಬೈಲ್ ಪಾಠ ಮಾಡುವ ಮೇಷ್ಟ್ರೊಬ್ಬರು ಬಂದು ನೋಡಿ ಮೂರು ಪುಟ ಬರೆದುಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ, ಬಸ್ ಚಾರ್ಜನ್ನೂ.

ಈ ನಡುವೆ ಬ್ಯಾಂಕು ಸುಮ್ಮನಿರುತ್ತದೆಯೆ? ಲಾರಿ ನಿಂತರೂ ಕಂತು ನಿಲ್ಲುವುದಿಲ್ಲ. ಸಿಟ್ಟಿನಲ್ಲಿ ‘ಗಾಡಿ ಸರಿ ಮಾಡೋವರ್ಗೂ ಒಂದ್ ಪೈಸಾ ಕಟ್ಟಲ್ಲ’ ಅಂತ ಅಣ್ಣ ಹೊರಟಿದ್ದರು. ನಾವು ತಡೆದೆವು. ಎಂಜಿನ್ನು ಕೆಡಿಸಿದವನು ಬೇರೆ, ಸಾಲ ಕೊಟ್ಟವನು ಬೇರೆ. ಕಾಗದದಲ್ಲಿ ಲಾರಿ ಬ್ಯಾಂಕಿಗೆ ಒತ್ತೆ. ತೊಂಬತ್ತು ದಿನ ಬಾಕಿ ಉಳಿದರೆ ಸಾಲ ವಸೂಲಾಗದ ಪಟ್ಟಿಗೆ ಹೋಗುತ್ತದೆ, ಆಮೇಲೆ ಲಾರಿ ಎತ್ತಿಕೊಂಡು ಹೋದರೆ ಆಯೋಗದ ಮುಂದೆ ತೋರಿಸಲು ಎಂಜಿನ್ನೂ ಇರುವುದಿಲ್ಲ. ಗಾಡಿ ವರ್ಕ್‌ಶಾಪಿನಲ್ಲಿದೆ, ಇಗೋ ಜಾಬ್ ಕಾರ್ಡು, ಕಂತು ಮುಂದಕ್ಕೆ ಹಾಕಿ ಅಂತ ಅರ್ಜಿ ಬರೆದು ಸೀಲು ಹಾಕಿಸಿಕೊಂಡೆವು. ಎರಡು ತಿಂಗಳ ಕಂತನ್ನು ಮುಂದಕ್ಕೆ ಹಾಕಿದರು. ಇನ್ನೆರಡನ್ನು ಅಣ್ಣ ಹಳೆಯ ಧಣಿಯ ಲಾರಿಯಲ್ಲಿ ರಾತ್ರಿ ಪಾಳಿ ಓಡಿಸಿ ಕಟ್ಟಿದರು. ಆ ಎರಡು ತಿಂಗಳಲ್ಲಿ ಅವರು ಹನ್ನೊಂದು ವರ್ಷ ಹಿಂದಕ್ಕೆ ಹೋದ ಹಾಗೆ ಕಂಡರು. ವಸೂಲಿಯವರು ಮನೆ ಮುಂದೆ ಬಂದು ಕೂಗಾಡಿದರೆ ಹೆದರಬೇಡಿ. ಬ್ಯಾಂಕು ಗೂಂಡಾಗಳನ್ನು ಕಳಿಸಿ ಗಾಡಿ ಎತ್ತಿಸುವಂತಿಲ್ಲ ಅಂತ 2007ರಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಬೆಳಿಗ್ಗೆ ಎಂಟಕ್ಕೆ ಮುಂಚೆ, ಸಂಜೆ ಏಳರ ಮೇಲೆ ವಸೂಲಿಗೆ ಫೋನು ಮಾಡುವಂತಿಲ್ಲ ಅಂತ ರಿಸರ್ವ್ ಬ್ಯಾಂಕು 2022ರಲ್ಲಿ ಹೇಳಿದೆ.

ಈಗ ಎಲ್ಲಿಗೆ ಬಂತು? ಆಯಿಲ್ಲಿನ ಪರೀಕ್ಷೆಯ ವರದಿ, ಮೇಷ್ಟ್ರ ಮೂರು ಪುಟ, ಎರಡನೇ ಸರ್ವಿಸಿನ ಆ ಜಾಬ್ ಕಾರ್ಡು, ಇವುಗಳ ಪ್ರತಿ ಲಗತ್ತಿಸಿ ನೋಟೀಸು ಕಳಿಸಿದ ಮೂರನೇ ವಾರ ತಯಾರಿಕಾ ಕಂಪನಿಯವರು ಬಂದು ನೋಡಿದರು. ಕೆಳಗಿನ ಅರ್ಧ ಎಂಜಿನ್ನನ್ನು ಹೊಸದಾಗಿ ಹಾಕಿಕೊಟ್ಟರು. ಕಾಸು ತೆಗೆದುಕೊಳ್ಳಲಿಲ್ಲ. ತಪ್ಪು ಅಂತಲೂ ಬರೆಯಲಿಲ್ಲ, ‘ಸೌಹಾರ್ದದಿಂದ’ ಮಾಡಿದ್ದೇವೆ ಅಂತ ಬರೆದರು. ಮುಂದೆ ಯಾವ ತಕರಾರೂ ಇಲ್ಲ ಅಂತ ಸಹಿ ಕೇಳಿದರು. ಅಣ್ಣ ಆ ಹಾಳೆಯನ್ನು ನಮ್ಮ ಹುಡುಗನ ಕೈಗೆ ಕೊಟ್ಟು ಓದಿಸಿದರು. ಓದಿಸಿಕೊಂಡು, ‘ಗಾಡಿ ತಗೊಂಡೆ ಅಂತ ಮಾತ್ರ ಸೈನ್ ಹಾಕ್ತೀನಿ. ನಾಲ್ಕ್ ತಿಂಗಳ ಅನ್ನದ ಲೆಕ್ಕ ಆಮೇಲೆ ನೋಡಣ’ ಅಂದರು. ಲಾರಿ ಮತ್ತೆ ಓಡುತ್ತಿದೆ. ತಂಗಿ ಬಿ.ಕಾಂ. ಸೇರಿದ್ದಾಳೆ, ಒಂದು ತಿಂಗಳು ತಡವಾಗಿ. ಆ ನಾಲ್ಕು ತಿಂಗಳ ನಷ್ಟದ ಕೇಸು ಆಯೋಗದ ಮುಂದಿದೆ. ಮುಂದಿನ ವಾಯಿದೆಗೆ ಅಣ್ಣನ ಜೊತೆ ಹೋಗಲು ಇಬ್ಬರು ಬೇಕು. ಪರೀಕ್ಷೆ ಇಲ್ಲದವರು ಹೆಸರು ಕೊಡಿ.

ಇನ್ನೊಂದು ಕೆಲಸ. ಆ ಇಂಗ್ಲಿಷ್ ಪುಸ್ತಕದ ಹನ್ನೆರಡು ಪುಟಗಳನ್ನು ನಮ್ಮ ಹುಡುಗರು ಡ್ರೈವರುಗಳು ಆಡುವ ಕನ್ನಡಕ್ಕೆ ಇಳಿಸಿದ್ದಾರೆ. ಯಾವ ದೀಪಕ್ಕೆ ಏನರ್ಥ, ಯಾವುದಕ್ಕೆ ತಕ್ಷಣ ನಿಲ್ಲಿಸಬೇಕು, ಯಾವುದಕ್ಕೆ ಓಡಿಸುತ್ತಲೇ ಇರಬೇಕು, ಆಯಿಲ್ಲು ಏರಿದರೆ ಯಾರಿಗೆ ಹೇಳಬೇಕು, ಜಾಬ್ ಕಾರ್ಡಿನಲ್ಲಿ ಏನೇನು ಬರೆಸಬೇಕು. ತಪ್ಪಿದ್ದರೆ ಮೇಷ್ಟ್ರು ತಿದ್ದಿಕೊಡುತ್ತಾರೆ. ಬರುವ ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಹಾಸ್ಟೆಲಿನ ಊಟದ ಹಾಲಿನಲ್ಲಿ ಸೇರೋಣ. ಊರಿಗೆ ಹೋದವರು ವಾಪಸ್ಸು ಬರುವಾಗ ಮನೆಯ ಗಾಡಿಯ ವಾರಂಟಿ ಪುಸ್ತಕ, ಸರ್ವಿಸ್ ಚೀಟಿಗಳನ್ನು ತನ್ನಿ. ಆಟೊ ಇರಲಿ, ಟ್ರ್ಯಾಕ್ಟರ್ ಇರಲಿ, ಲಾರಿ ಇರಲಿ. ಪ್ಲಾಸ್ಟಿಕ್ ಕವರು ಬಿಚ್ಚದೆ ಇದ್ದರೆ ಹಾಗೇ ತನ್ನಿ, ಇಲ್ಲೇ ಬಿಚ್ಚೋಣ. ಅಣ್ಣನೂ ಬರುತ್ತಾರೆ. ಯಾರ್ಡಿನಲ್ಲಿ ಲೋಡು ಸಿಕ್ಕರೆ ಸ್ವಲ್ಪ ತಡವಾಗಬಹುದು.